ಜಗಳ ನೆನೆಹಾಕುವ ಬಾಗಿಲಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಟ್ಟೆ ಆಲ್ಟರ್ ಮಾಡುವ ಪುಟ್ಟ ಅಂಗಡಿಯ ಶಟರ್ ಅರ್ಧ ಮಾತ್ರ ಮೇಲೆದ್ದಿದೆ. ಹೊಲಿಗೆ ಯಂತ್ರದ ಮುಂದೆ ಕೂತಿರುವ ಹೆಂಗಸಿನ ಕಾಲು ಪೆಡಲಿನ ಮೇಲಿದ್ದರೂ ಯಂತ್ರ ಓಡುತ್ತಿಲ್ಲ. ಉದ್ದ ಕಡಿಮೆ ಮಾಡಬೇಕಾದ ಪ್ಯಾಂಟುಗಳ ರಾಶಿ ಪಕ್ಕದಲ್ಲೇ ಬಿದ್ದಿದೆ. ಅವರ ಕಣ್ಣು ದಾರದ ಡಬ್ಬಕ್ಕೆ ಒರಗಿಸಿಟ್ಟ ಮೊಬೈಲಿನ ಮೇಲಿದೆ.

"ಇನ್ನೊಂದು ಹೋಯ್ತು," ಎನ್ನುತ್ತಾರೆ, ಯಾರಿಗೂ ಅಲ್ಲದ ಹಾಗೆ. "ನಿನ್ನೆ ಮಲಗೋವಾಗ ಇತ್ತು."

ಹೋಗಿರುವುದು ಒಂದು ಬರಹ. ಸಾವಿರಾರು ಜನ ಸೇರಿ ಬರೆಯುವ ಒಂದು ಬ್ಲಾಗ್ ತಾಣವಿದೆ. ಇವರು ಅದರ ನಿರ್ವಾಹಕಿ. ಯಾರ ಮಾತು ಒಳಗೆ ಬರಬೇಕು, ಯಾವುದು ಹೊಸ್ತಿಲಲ್ಲೇ ನಿಲ್ಲಬೇಕು ಎಂದು ನೋಡುವುದು ಇವರ ಕೆಲಸ. ಸದಸ್ಯರು ಪ್ರೀತಿಯಿಂದಲೋ ಸಿಟ್ಟಿನಿಂದಲೋ ಇಟ್ಟ ಹೆಸರು ಬಾಗಿಲಮ್ಮ. ಸಂಬಳವಿಲ್ಲ. ಬೈಗುಳಕ್ಕೆ ಮಾತ್ರ ಬರವಿಲ್ಲ.

ಕೆಲ ವರ್ಷಗಳ ಹಿಂದೆ ಬಲಗೈ ಮುರಿದು ಪ್ಲಾಸ್ಟರಿನಲ್ಲಿದ್ದಾಗ ಹೊಲಿಗೆ ನಿಂತಿತ್ತು. ಎಡಗೈಯಲ್ಲಿ ಫೋನ್ ಹಿಡಿದು ಓದುವುದು ಶುರುವಾದದ್ದು ಆಗ. ಬಸ್ ಓಡಿಸುವ ಗಂಡ ಡ್ಯೂಟಿಗೆ ಹೋದರೆ, ಅತ್ತೆಯ ಗೊಣಗಾಟ ಬಿಟ್ಟು ಮನೆಯಲ್ಲಿ ಮಾತಿಗೆ ಜನವಿರಲಿಲ್ಲ. ಕಾಮೆಂಟುಗಳಲ್ಲಿ ಇಬ್ಬರು ಕಿತ್ತಾಡಿದರೆ ಇವರು ನಡುವೆ ಒಂದು ಸಮಾಧಾನದ ಮಾತು ಬರೆಯುತ್ತಿದ್ದರು. ಅದನ್ನು ಗಮನಿಸಿದ ತಾಣದ ಒಡೆಯ ಕೀಲಿಕೈಯನ್ನು ಇವರ ಕೈಗೇ ಕೊಟ್ಟು, ತಾನು ಸರ್ವರಿನ ಖರ್ಚು ಕಟ್ಟಿಕೊಂಡು ಸುಮ್ಮನಾದ. ಈಗ ದಿನಕ್ಕೆ ಇನ್ನೂರು ಮುನ್ನೂರು ಕಾಮೆಂಟು ಇವರ ಕಣ್ಣ ಕೆಳಗೆ ಹಾಯುತ್ತವೆ. ಹೆಚ್ಚಿನವು ಜಿಪ್ ಬದಲಿಸುವ, ಗುಂಡಿ ಹಚ್ಚುವ ಬಿಡುವಿನಲ್ಲಿ.

ಜಗಳ ಬಿಡಿಸಲು ಅವರಿಗೆ ಅವರದೇ ಒಂದು ಪಟ್ಟು ಇದೆ. "ಹೊಸ ಕಾಟನ್ ಬಟ್ಟೆನ ತಂದ ತಕ್ಷಣ ಕತ್ತರಿಸಬಾರದು. ನೀರಲ್ಲಿ ನೆನೆಹಾಕಬೇಕು. ಕುಗ್ಗೋದೆಲ್ಲ ಮೊದಲೇ ಕುಗ್ಗಲಿ, ಆಮೇಲೆ ಕತ್ತರಿ," ಎನ್ನುತ್ತಾರೆ. ಸಿಟ್ಟಿನ ಕಾಮೆಂಟಿಗೂ ಅದೇ ಉಪಚಾರ. ಅಳಿಸುವುದಿಲ್ಲ, ಒಂದು ಹೊತ್ತು ತಡೆದಿಡುತ್ತಾರೆ. ಆಮೇಲೆ ಬರೆದವರನ್ನೇ ಕೇಳುತ್ತಾರೆ: ಈಗಲೂ ಹಾಕಬೇಕೇ? ಅರ್ಧಕ್ಕರ್ಧ ಜನ ಬೇಡವೆಂದು ತಾವೇ ವಾಪಸು ತೆಗೆದುಕೊಳ್ಳುತ್ತಾರೆ. ತಾಣದ ಹಳಬರೆಲ್ಲ ಇದನ್ನು ನೆನೆಹಾಕುವುದು ಎಂದೇ ಕರೆಯುತ್ತಾರೆ.

ಹಳಬರದೇ ಒಂದು ಕೂಟವೂ ಇದೆ. ಅದರ ಹೆಸರು ಜಗುಲಿ ಗುಂಪು. ಓದುಗರು ಮೆಚ್ಚಿದ ಬರಹಕ್ಕೆ ಒಂದೊಂದು ದೀಪ ಹಚ್ಚುವುದು ಇಲ್ಲಿನ ಪದ್ಧತಿ. ಹೆಚ್ಚು ದೀಪ ಬಿದ್ದ ಬರಹ ಪಡಸಾಲೆಗೆ, ಅಂದರೆ ಮೊದಲ ಪುಟಕ್ಕೆ, ಬರುತ್ತದೆ. ಜಗುಲಿಯವರಲ್ಲಿ ಒಬ್ಬರು ಕೆಮ್ಮಿದರೂ ಸಾಕು, ಉಳಿದವರು ಓದುವ ಮೊದಲೇ ದೀಪ ಹಚ್ಚಿ "ಆಹಾ" ಅನ್ನುತ್ತಾರೆ. ನಿಯಮದ ಪ್ರಕಾರ ಅದರಲ್ಲಿ ತಪ್ಪೇನೂ ಇಲ್ಲ. ಹೊಸಬರ ಬರಹ ಮಾತ್ರ ಕತ್ತಲಲ್ಲೇ ಉಳಿಯುತ್ತದೆ.

ಹಾಗೆ ಕತ್ತಲಲ್ಲಿ ಬರೆಯುತ್ತಿದ್ದವಳು 'ಎರಡನೇ ಮಹಡಿ' ಎಂಬ ಹೆಸರಿನ ಹೊಸ ಸದಸ್ಯೆ. ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಆಯಾ. ರೋಗಿಯನ್ನು ನೋಡಲು ಬಂದವರು ಲಿಫ್ಟಿನಲ್ಲಿ ಏನು ಮಾತಾಡುತ್ತಾರೆ, ಮಂಚದ ಪಕ್ಕ ಏನು ಮಾತಾಡುತ್ತಾರೆ ಎಂದು ತುಂಡು ತುಂಡು ಸಾಲುಗಳಲ್ಲಿ ಬರೆದಿದ್ದಳು. ಅದು ಹೇಗೋ ಪಡಸಾಲೆಗೆ ಬಂತು. ಜಗುಲಿಯ ಒಬ್ಬರು ಕೆಳಗೆ ಬರೆದರು: ಇದು ಬರಹವೋ, ವಾರ್ಡಿನ ಡ್ಯೂಟಿ ಚಾರ್ಟೋ? ಇನ್ನೊಬ್ಬರು: ಪಾಪ, ಹೊಸಬರು, ಬಿಡಿ.

"ಬೈದ್ರೆ ಹಿಡೀಬಹುದು. 'ಪಾಪ' ಅಂದೋರನ್ನ ಯಾವ ನಿಯಮದಲ್ಲಿ ಹಿಡೀಲಿ?" ಎಂದು ಕೇಳುತ್ತಾರೆ ಬಾಗಿಲಮ್ಮ.

ಆ ಹೊತ್ತಿನಲ್ಲಿ ಅವರು ಮಾಡಿದ ಕೆಲಸವೇ ಈಗ ನಿದ್ದೆ ಕೆಡಿಸಿದೆ. ಹುಡುಗಿಗೆ ಇನ್ನಷ್ಟು ಚುಚ್ಚುಮಾತು ಬೀಳಬಾರದೆಂದು ಕಾಮೆಂಟುಗಳ ಜೊತೆ ಆ ಬರಹವನ್ನೇ ನೆನೆಹಾಕಿದರು. ತಣ್ಣಗಾದ ಮೇಲೆ ಬಿಡುವ ಯೋಚನೆ. ಆದರೆ ತಡೆದಿಟ್ಟ ಕೂಡಲೇ ತಾಣದಿಂದ ಬರೆದವರಿಗೆ ತಾನಾಗಿ ಒಂದು ಸಂದೇಶ ಹೋಗುತ್ತದೆ: ನಿಮ್ಮ ಬರಹವನ್ನು ತಡೆಹಿಡಿಯಲಾಗಿದೆ. ಹಳಬರು ಅದಕ್ಕೆ ಕ್ಯಾರೇ ಅನ್ನುವುದಿಲ್ಲ. ಹೊಸಬಳಿಗೆ ಅದು ಕುತ್ತಿಗೆ ಹಿಡಿದು ಹೊರಗೆ ದಬ್ಬಿದ ಹಾಗೆ ಕಂಡಿತು.

"ನೆನೆಹಾಕೋದು ಅಂದ್ರೇನು ಅಂತ ಅವಳಿಗೆ ಯಾರು ಹೇಳಿದ್ರು? ಯಾರೂ ಇಲ್ಲ. ನಾನೂ ಹೇಳಿಲ್ಲ."

ಬರಹವನ್ನು ಸಂಜೆಗೇ ವಾಪಸು ಹಾಕಿದರು. ಅಷ್ಟರಲ್ಲಿ ಆಕೆ ಮಾತು ಬಿಟ್ಟಾಗಿತ್ತು. ಕಳಿಸಿದ ಯಾವ ಸಂದೇಶಕ್ಕೂ ಉತ್ತರವಿಲ್ಲ. ದಿನಾ ಒಂದೊಂದು ಹಳೆಯ ಬರಹವನ್ನು ಅಳಿಸುತ್ತಿದ್ದಾಳೆ. ಲಿಫ್ಟಿನ ಬರಹ ಮೊದಲೇ ಹೋಯಿತು, ಅದರ ಕೆಳಗಿನ ಕಾಮೆಂಟುಗಳು ಮಾತ್ರ ತಾಣದಲ್ಲಿ ಹಾಗೇ ಉಳಿದಿವೆ. ಅವಳ ಬರಹಗಳಲ್ಲಿ ಇನ್ನು ಕೆಲವೇ ಉಳಿದಿವೆ. ಅವೂ ಹೋದರೆ ಖಾತೆ ಮುಚ್ಚುತ್ತಾಳೆ. ಮುಚ್ಚಿದರೆ ಹುಡುಕಲು ಊರು ಗೊತ್ತಿಲ್ಲ, ನಿಜವಾದ ಹೆಸರೂ ಗೊತ್ತಿಲ್ಲ.

ಇವತ್ತು ಪಡಸಾಲೆಯಲ್ಲೇ, ಎಲ್ಲರ ಕಣ್ಣೆದುರು ತಪ್ಪೊಪ್ಪಿಕೊಳ್ಳುವುದೆಂದು ಬಾಗಿಲಮ್ಮ ನಿರ್ಧರಿಸಿದ್ದಾರೆ. ತಮ್ಮ ತಪ್ಪಿನ ಜೊತೆ ಆ ಎರಡು ಕಾಮೆಂಟುಗಳ ತಪ್ಪನ್ನೂ ಹೇಳಲಿದ್ದಾರೆ. ಸುದ್ದಿ ಜಗುಲಿಗೆ ಮುಟ್ಟಿದೆ. ಗುಂಪಿನ ಹಿರಿಯರು, ನಿವೃತ್ತ ಮೇಷ್ಟ್ರು, ಬೆಳಿಗ್ಗೆಯೇ ಫೋನ್ ಮಾಡುತ್ತಾರೆ. ಅವರು ದನಿ ಏರಿಸುವ ಪೈಕಿ ಅಲ್ಲ. ತಾಣಕ್ಕೆ ಓದುಗರೇ ಇಲ್ಲದ ಕಾಲದಲ್ಲಿ ದಿನಾ ಬರೆದು ಅದನ್ನು ನಿಲ್ಲಿಸಿದ್ದು ಯಾರು ಎಂದು ನಿಧಾನವಾಗಿ ನೆನಪಿಸುತ್ತಾರೆ. ಆಮೇಲೆ ವಿಷಯಕ್ಕೆ ಬರುತ್ತಾರೆ.

"ಯಾರೋ ಒಬ್ಬಳು ಮುನಿಸಿಕೊಂಡಳು ಅಂತ ನಮ್ಮನ್ನ ಬೀದೀಲಿ ನಿಲ್ಲಿಸ್ತೀರೇನಮ್ಮಾ? ಹಾಗಾದ್ರೆ ನಾವೆಲ್ಲ ಗಂಟುಮೂಟೆ ಕಟ್ತೀವಿ. ಪಡಸಾಲೆ ಗುಡಿಸಿಕೊಂಡು ಕೂತಿರಿ."

"ನಿಮ್ಮನ್ನ ನಿಲ್ಲಿಸೋಕಲ್ಲ ಮೇಷ್ಟ್ರೇ. ನಾನೇ ಮೊದಲು ನಿಲ್ತಿದ್ದೀನಿ," ಎನ್ನುತ್ತಾರೆ ಬಾಗಿಲಮ್ಮ. ಫೋನ್ ಇಟ್ಟ ಮೇಲೆ ಸೂಜಿಗೆ ದಾರ ಪೋಣಿಸಲು ಹೋಗಿ ಸೋಲುತ್ತಾರೆ.

ಅಂಗಡಿಯಲ್ಲಿ ಜೊತೆಗೆ ಹೊಲಿಯುವ ನಾದಿನಿ ಅದನ್ನು ಅವರ ಕೈಯಿಂದ ತೆಗೆದುಕೊಂಡು ತಾನೇ ಪೋಣಿಸುತ್ತಾಳೆ. "ಅತ್ತಿಗೆ, ಮನೇಲಿ ನಮ್ಮಮ್ಮನ್ನ ಸಂಭಾಳಿಸಿದ್ದು ಸಾಲ್ದು ಅಂತ ಊರವರ ಅತ್ತೆಯರನ್ನೆಲ್ಲ ಹುಡುಕಿ ಇಟ್ಕೊಂಡಿದ್ದೀರಲ್ಲ," ಎನ್ನುತ್ತಾಳೆ. ಬಾಗಿಲಮ್ಮನ ಮುಖದಲ್ಲಿ ನಗು ಬಂದು ಹೋಗುತ್ತದೆ.

ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಮೆತ್ತಿದ ಬೆರಳಿನಲ್ಲೇ ತಪ್ಪೊಪ್ಪಿಗೆ ಬರೆಯುತ್ತಾರೆ. ಉದ್ದವಿಲ್ಲ. ಹೊಸಬರ ಬರಹವನ್ನು ಅವರನ್ನು ಕೇಳದೆ ತಡೆದದ್ದು ನನ್ನ ತಪ್ಪು, ಅವರನ್ನು ಹಂಗಿಸಿದ್ದು ಹಂಗಿಸಿದವರ ತಪ್ಪು, ಆ ಎರಡೂ ಕಾಮೆಂಟು ತೆಗೆಯುತ್ತಿದ್ದೇನೆ. ಇಷ್ಟೇ. ಒತ್ತುವ ಮೊದಲು ಸೆರಗಿನಿಂದ ಫೋನ್ ಒರೆಸುತ್ತಾರೆ, ಸುಮ್ಮನೆ.

ಮಧ್ಯಾಹ್ನದ ಹೊತ್ತಿಗೆ ಜಗುಲಿಯ ಕೆಲವು ಹೆಸರುಗಳು ತಾಣದಲ್ಲಿಲ್ಲ. ಮೇಷ್ಟ್ರ ಹೆಸರು ಇದೆ, ಮಾತಿಲ್ಲ. ಗಿರಾಕಿಯೊಬ್ಬರು ಪ್ಯಾಂಟಿನ ಎಡಗಾಲು ಉದ್ದ, ಬಲಗಾಲು ಗಿಡ್ಡವಾಗಿದೆ ಎಂದು ಬಂದು ಜಗಳವಾಡಿ ಹೋಗುತ್ತಾರೆ. ಬಾಗಿಲಮ್ಮ ಹೊಲಿಗೆ ಬಿಚ್ಚುತ್ತಾ ಕೂರುತ್ತಾರೆ. ತಾಣದ ಬಾಗಿಲು ಕಾಯುವ ಕೆಲಸದಿಂದ ಏನು ಕಳೆದುಕೊಂಡಿರಿ ಎಂದು ಕೇಳಿದರೆ, ಬಿಚ್ಚಿದ ದಾರವನ್ನು ಮಡಿಲಿನಿಂದ ಕೊಡವುತ್ತಾರೆ.

"ಓದು. ಓದೋ ಆಸೆಗೇ ಅಲ್ವಾ ಒಳಗೆ ಬಂದಿದ್ದು? ಈಗ ಯಾರೇನು ಬರೆದ್ರೂ ಇದು ಯಾರಿಗೆ ಚುಚ್ಚುತ್ತೆ, ಎಲ್ಲಿ ಹೊತ್ತಿಕೊಳ್ಳುತ್ತೆ ಅಂತ ತಪಾಸಣೆ ಮಾಡ್ತೀನಿ. ಓದಿ ಎಷ್ಟು ಕಾಲ ಆಯ್ತೋ."

ಫೋನ್ ಸದ್ದಾಗುತ್ತದೆ. ಎರಡನೇ ಮಹಡಿ. ಬಾಗಿಲಮ್ಮ ತಕ್ಷಣ ಮುಟ್ಟುವುದಿಲ್ಲ. ಖಾತೆ ಮುಚ್ಚಿದ ಸೂಚನೆಯೂ ಇದೇ ಸದ್ದಿನಲ್ಲಿ ಬರುತ್ತದೆ. ನಾದಿನಿ ಫೋನನ್ನು ಅವರ ಮುಂದಕ್ಕೆ ಸರಿಸುತ್ತಾಳೆ.

ಸಂದೇಶ ಚಿಕ್ಕದು: ಅವರ ಕಾಮೆಂಟು ತೆಗೀಬೇಡಿ ಮೇಡಂ. ಅಲ್ಲೇ ಇರಲಿ. ಉತ್ತರ ನಾನೇ ಕೊಡ್ತೀನಿ.

ಅದರ ಬೆನ್ನಿಗೇ ಲಿಫ್ಟಿನ ಬರಹ ಮತ್ತೆ ತಾಣಕ್ಕೆ ಬರುತ್ತದೆ. ಹಂಗಿಸಿದ ಆ ಎರಡು ಮಾತನ್ನೂ ಅದರ ಕೆಳಗೆ ಅವಳೇ ತನ್ನ ಕೈಯಾರೆ ಬರೆದಿದ್ದಾಳೆ. ಅದಕ್ಕೂ ಕೆಳಗೆ ಉತ್ತರ. ಬಾಗಿಲಮ್ಮ ಕನ್ನಡಕ ಹಾಕಿಕೊಳ್ಳುತ್ತಾರೆ.

"ಡ್ಯೂಟಿ ಚಾರ್ಟ್ ಅಂದಿದ್ದೀರಿ. ನಮ್ಮ ಆಸ್ಪತ್ರೆಯಲ್ಲಿ ಡಾಕ್ಟರಿಂದ ಹಿಡಿದು ನನ್ನವರೆಗೆ ಬಂದವರೆಲ್ಲ ಮೊದಲು ಓದೋದು ಅದನ್ನೇ ಸಾರ್. ಅದರಲ್ಲಿ ಒಂದು ಹೆಸರು ಬಿಟ್ಟುಹೋದರೆ ಯಾರದೋ ಬೆಡ್‌ಪ್ಯಾನ್ ಹಾಗೇ ಉಳಿಯುತ್ತೆ. ನನ್ನ ಬರಹ ಅಷ್ಟು ಮುಖ್ಯ ಅಂತ ನಾನು ಅಂದುಕೊಂಡಿರಲಿಲ್ಲ. ದೊಡ್ಡ ಮಾತು."

ಬಾಗಿಲಮ್ಮನ ಹೆಗಲು ಅಲುಗುತ್ತದೆ. ಅಳುತ್ತಿದ್ದಾರೇನೋ ಎಂದು ನಾದಿನಿ ಬಗ್ಗಿ ನೋಡುತ್ತಾಳೆ. ಅವರು ನಗುತ್ತಿದ್ದಾರೆ. ಇದಕ್ಕೆ ಜಗುಲಿಯವರು ಸುಮ್ಮನಿರುತ್ತಾರಾ, ಯಾರಿಗೆ ಎಲ್ಲಿ ನಾಟುತ್ತೆ ನೋಡಿದಿರಾ ಎಂದು ನಾದಿನಿ ಕೇಳುತ್ತಾಳೆ.

"ಅಯ್ಯೋ, ಅದನ್ನ ನೋಡೋದೇ ಮರೆತೆ ಕಣೆ," ಎನ್ನುತ್ತಾರೆ ಬಾಗಿಲಮ್ಮ. "ಸುಮ್ಮನೆ ಓದ್ತಾ ಕೂತುಬಿಟ್ಟೆ."