ಹಿಂದಿನ ಕೋಣೆಯ ಗೋಡೆ

೧೯೭೯ರ ಮಾತು. ಹೊಸಕೆರೆಹಳ್ಳಿಯಲ್ಲಿ ನಮ್ಮದು ಎರಡು ಕೋಣೆಯ ಹೆಂಚಿನ ಮನೆ. ಅಮ್ಮ ತೀರಿಕೊಂಡು ತಿಂಗಳಾಗಿತ್ತು. ಉಳಿದವರು ನಾನು ಮತ್ತು ತಮ್ಮ ನಾಗರಾಜ. ನಾನು ಬೆಳಗ್ಗೆ ಆರಕ್ಕೆ ಕಾರ್ಖಾನೆಯ ಬಸ್ಸು ಹತ್ತಿದರೆ ಕತ್ತಲಾದ ಮೇಲೇ ಮನೆ ಸೇರುತ್ತಿದ್ದೆ. ನಾಗರಾಜ ಅಂಗಡಿಗಳಿಗೆ ಬೋರ್ಡು ಬರೆಯುವವನು. ಕೆಲಸವನ್ನು ಮನೆಗೇ ತಂದುಕೊಂಡು, ಹಾಸಿಗೆ ಹಿಡಿದ ಅಮ್ಮನನ್ನು ಎಂಟು ತಿಂಗಳು ನೋಡಿಕೊಂಡವನು ಅವನೇ.

ಬೋರ್ಡು ಬರೆಯುವವರಿಗೆ ಒಂದು ಅಭ್ಯಾಸ. ಕಲಸಿದ ಬಣ್ಣ ಸರಿಯಾಯಿತೇ ಎಂದು ಪಕ್ಕದ ಗೋಡೆಗೆ ಒಂದು ಗೀಟು ಎಳೆದು ನೋಡುತ್ತಾರೆ. ಬ್ರಷ್ಷನ್ನೂ ಅಲ್ಲೇ ಒರೆಸುತ್ತಾರೆ. ಅಮ್ಮ ಮಲಗಿದ್ದ ಹಿಂದಿನ ಕೋಣೆಯ ಗೋಡೆಯೆಲ್ಲ ಹಾಗೇ ಆಗಿತ್ತು. ಹಳದಿ, ಕಾವಿ, ಬೂದಿ ಬಣ್ಣದ ಪಟ್ಟೆಗಳು, ಒಂದರ ಮೇಲೊಂದು. ನೋಡಿದರೆ ನನಗೆ ಮೈ ಉರಿಯುತ್ತಿತ್ತು.

"ಥೂ, ಗೋಡೆಯೆಲ್ಲ ಗಲೀಜು ಮಾಡಿಟ್ಟಿದೀಯಲ್ಲೋ!" ಎಂದರೆ, "ಇರ್ಲಿ ಬಿಡಕ್ಕ" ಎಂದು ನಗುತ್ತಿದ್ದ.

ಒಂದು ದಿನ ಕುಣಿದಾಡುತ್ತಾ ಬಂದ. "ಅಕ್ಕಾ, ಜಯನಗರದಲ್ಲಿ ಚಿತ್ರ ಕಲಿಸೋ ಮೇಷ್ಟ್ರು ಭಾನುವಾರ ನನ್ನ ಪೇಂಟಿಂಗ್ ನೋಡೋಕೆ ಬರ್ತಾರೆ! ಇಷ್ಟ ಆದ್ರೆ ಫೀಸಿಲ್ದೆ ಅವರ ಶಾಲೆಗೆ ಸೇರಿಸ್ಕೊತಾರಂತೆ."

ಮುಂದಿನ ಕೋಣೆಯಲ್ಲಿ ಅವನು ಬರೆದ ಬೆಟ್ಟ, ನದಿಯ ಚಿತ್ರವೊಂದು ತೂಗುತ್ತಿತ್ತು. ಅದನ್ನೇ ತೋರಿಸುತ್ತಾನೆ ಎಂದುಕೊಂಡೆ. ಕೇಳಲೂ ಇಲ್ಲ ನಾನು, ಅಷ್ಟು ಜಂಬ.

ಅಷ್ಟು ದೊಡ್ಡವರು ಬರುವಾಗ ಮನೆ ಹೀಗಿರುವುದೇ? ಸಾವಾದ ಮೇಲೆ ಸುಣ್ಣವನ್ನೂ ಹೊಡೆದಿರಲಿಲ್ಲ. ಶನಿವಾರ ರಜೆ ಹಾಕಿದೆ. ನಾಗರಾಜ ತಲಘಟ್ಟಪುರಕ್ಕೆ ಬೋರ್ಡು ಕಟ್ಟಲು ಹೋಗಿದ್ದ. ಹಿಂದಿನ ಕೋಣೆಯ ಆ ಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜಿ ಉಜ್ಜಿ ತೊಳೆದು, ನೀಲಿ ಬೆರೆಸಿದ ಸುಣ್ಣವನ್ನು ಎರಡು ಸಲ ಹೊಡೆದೆ. ತೋಳು ಬಿದ್ದುಹೋಗುವಂತಾಯಿತು.

ಸಂಜೆ ಬಂದವನಿಗೆ, "ಹೆಂಗಿದೆ ನೋಡು ಈಗ!" ಎಂದೆ.

ಅವನು ಹೋಗಿ ಗೋಡೆಗೆ ಅಂಗೈ ಒತ್ತಿದ. ಹಸಿ ಸುಣ್ಣ ಅಂಟಿತು. "ಅದೇ ಪೇಂಟಿಂಗು ಕಣಕ್ಕ" ಎಂದ.

ಕಿಂಡಿಯಿಂದ ಬಿದ್ದ ಬಿಸಿಲು ಆ ಗೋಡೆಯ ಮೇಲೆ ಸರಿಯುವುದನ್ನೇ ಅಮ್ಮ ದಿನವೆಲ್ಲ ನೋಡುತ್ತಿದ್ದಳಂತೆ. "ಈಗ ಇಲ್ಲಿ ಹಚ್ಚೋ" ಎಂದು ಬೆರಳು ತೋರುತ್ತಿದ್ದಳಂತೆ. ಅವನು ಅಲ್ಲಿ ಆ ಹೊತ್ತಿನ ಬೆಳಕಿನ ಬಣ್ಣದ ಪಟ್ಟೆ ಎಳೆಯುತ್ತಿದ್ದನಂತೆ. ಮಾತು ನಿಂತ ಮೇಲೆ ಕಣ್ಣಿನಲ್ಲೇ ತೋರಿಸಿದಳಂತೆ. ಅದರಲ್ಲಿ ಗಡಿಯಾರವಿರಲಿಲ್ಲ, ಅಮ್ಮನ ಮುಖವಿರಲಿಲ್ಲ. ಹೊತ್ತು ಹೋದದ್ದು ಮಾತ್ರ ಇತ್ತು. ಅಯ್ಯೋ ದೇವರೇ! ಚಾಕು ತಂದು ಹುಚ್ಚಿಯಂತೆ ಸುಣ್ಣ ಕೆರೆದೆ. ಅಳಿದುಳಿದ ಬಣ್ಣವೂ ಸುಣ್ಣದ ಜೊತೆಗೇ ಉದುರಿತು.

ಮರುದಿನ ಮೇಷ್ಟ್ರು ಬಂದರು. ಬರಿಯ ಗೋಡೆಯ ಮುಂದೆ ನಿಂತು ಎಲ್ಲವನ್ನೂ ಕೇಳಿದರು. "ಇನ್ನೊಂದ್ಸಲ ಬರಿಯಪ್ಪ. ನಾನು ಕಾಯ್ತೀನಿ" ಎಂದರು.

"ಹೆಂಗ್ ಬರೀಲಿ ಸಾರ್? ತೋರ್ಸೋಕೆ ಅಮ್ಮ ಇಲ್ವಲ್ಲ" ಎಂದ ನಾಗರಾಜ.

ಅವನು ಆ ಶಾಲೆಗೆ ಸೇರಲಿಲ್ಲ. ಬೋರ್ಡು ಬರೆದೇ ಬದುಕಿದ. ಇವತ್ತಿಗೂ ನನ್ನನ್ನು ಒಂದು ಮಾತು ಅಂದಿಲ್ಲ. ಅಮ್ಮ ಮಲಗಿದ್ದ ಎಂಟು ತಿಂಗಳಲ್ಲಿ ಅವಳ ಪಕ್ಕ ಕೂರಲು ನಾನು ಒಂದು ದಿನವೂ ರಜೆ ಹಾಕಿರಲಿಲ್ಲ. ರಜೆ ಹಾಕಿದ್ದು ಆ ಗೋಡೆ ತೊಳೆಯುವುದಕ್ಕೆ.