ಅಪ್ಪನ ಸಾವಧಾನ

ಇವತ್ತು ಬೆಳಗ್ಗೆ ಹೊಳಲ್ಕೆರೆಯ ನಮ್ಮ ಕಾಲೇಜಿನ ಮೈದಾನದಲ್ಲಿ ಎನ್‌ಸಿಸಿ ಸರ್ "ಸಾವಧಾನ್!" ಎಂದು ಕೂಗಿದರು. ಆ ಕೂಗಿಗೆ ಚಿತ್ರದುರ್ಗದ ಕೋಟೆಯ ಕೋತಿಗಳೂ ನೆಟ್ಟಗೆ ನಿಂತಿರಬೇಕು. ನಾನೊಬ್ಬ ಮಾತ್ರ ನಕ್ಕೆ.

"ಏನ್ಲೇ, ಹಲ್ಲು ಬಿಸ್ಲಿಗೆ ಒಣಗಾಕಿದೀಯಾ?" ಎಂದರು ಸರ್.

ತಪ್ಪು ನನ್ನದಲ್ಲ, ನಮ್ಮಪ್ಪನದು. ಹಿಂದಿಯಲ್ಲಿ ಆ ಪದಕ್ಕೆ ನೆಟ್ಟಗೆ ನಿಲ್ಲು ಎಂದರ್ಥ. ನಮ್ಮಲ್ಲಿ ಅವಸರ ಬೇಡ ಎಂದು. ಅಪ್ಪ ಮಿಲಿಟರಿಗೆ ಸೇರಿದಾಗ ಅವರಿಗೆ ಬರುತ್ತಿದ್ದ ಹಿಂದಿ ನಮ್ಮ ಎಮ್ಮೆಗೆ ಬರುವಷ್ಟೇ. ಅವರ ಊರ ಶಾಲೆಯಲ್ಲಿ ಡ್ರಿಲ್ ಎಂದರೆ ಮೇಷ್ಟ್ರ ಹಿತ್ತಲಿನ ಕಳೆ ಕೀಳುವುದು. ಮೊದಲ ಪರೇಡಿಗೆ ತಡವಾಗಿ ಓಡೋಡಿ ಬರುವಾಗ, ಡ್ರಿಲ್ ಕಲಿಸುವ ಉಸ್ತಾದ್ "ಸಾವಧಾನ್!" ಎಂದು ಅಬ್ಬರಿಸಿದರಂತೆ. ಎಷ್ಟು ಒಳ್ಳೆಯ ಮನುಷ್ಯ ಅಂದುಕೊಂಡ ಅಪ್ಪ, ಓಟ ನಿಲ್ಲಿಸಿ, ಬೆವರು ಒರೆಸಿಕೊಂಡು ಆರಾಮಾಗಿ ನಡೆದರಂತೆ. ಅವರು ಕೂಗಿದಷ್ಟೂ ಇವರು ಇನ್ನೂ ನಿಧಾನ. ಶಿಕ್ಷೆಗೆ ಮೈದಾನ ಸುತ್ತಿಸಿದರು ಎಂದಷ್ಟೇ ಅಪ್ಪ ಹೇಳುತ್ತಿದ್ದದ್ದು. ನಾನು ಹೇಳುವಾಗ ಆ ಸುತ್ತು ಕಾಶ್ಮೀರ ಮುಟ್ಟಿ ವಾಪಸ್ ಬರುತ್ತದೆ.

ಕಾರ್ಗಿಲ್ ಯುದ್ಧ ನಾನು ಹುಟ್ಟುವ ಮುಂಚಿನದು. ಅಪ್ಪ ಅಲ್ಲಿದ್ದರು. ಆದರೆ ಅವರ ಬಾಯಿಂದ ಒಂದು ಗುಂಡೂ ಹಾರುತ್ತಿರಲಿಲ್ಲ. ಪೀಡಿಸಿದರೆ ಚಳಿಯ ಸುದ್ದಿ: "ಮೂಗು ಐತೋ ಇಲ್ವೋ ಅಂತ ಮುಟ್ಟಿ ನೋಡ್ಕಬೇಕಿತ್ತಪ್ಪ." ಇನ್ನೂ ಪೀಡಿಸಿದರೆ ಒಂದೇ ಒಂದು ಘಟನೆ. ಗಾಯಗೊಂಡ ಪಂಜಾಬಿ ಗೆಳೆಯನನ್ನು ಸ್ಟ್ರೆಚರಿನಲ್ಲಿ ಬೆಟ್ಟದಿಂದ ಇಳಿಸುತ್ತಿದ್ದರು. ಮುಂದೆ ಹಿಡಿದವನ ಕಾಲು ಜಾರಿತು. ಹಿಂದಿದ್ದ ಅಪ್ಪನ ಬಾಯಿಗೆ ಬಂದದ್ದು ಕನ್ನಡವೇ: "ಸಾವಧಾನ, ಸಾವಧಾನ!" ಕಣ್ಣು ಮುಚ್ಚಿ ಮಲಗಿದ್ದ ಪಂಜಾಬಿ, ಕಂಬಳಿಯೊಳಗೇ ಎರಡೂ ಹಿಮ್ಮಡಿ ಕೂಡಿಸಿ ನೆಟ್ಟಗಾದನಂತೆ!

ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅಪ್ಪನೂ ನಗುತ್ತಿದ್ದರು.

"ಆಮೇಲೆ ಬದುಕಿದ್ನಾ ಅಪ್ಪಾ?"

"ಏಳಪ್ಪ, ಮುದ್ದೆ ಆರ್ತೈತೆ."

ಪ್ರತಿ ಸಲವೂ ಮುದ್ದೆ ಸರಿಯಾಗಿ ಅಲ್ಲಿಗೇ ಆರುತ್ತಿತ್ತು. ಹಾಗಾಗಿ ನನ್ನ ಕತೆಯಲ್ಲಿ ನಾನೇ ಅವನನ್ನು ಬದುಕಿಸಿದೆ. ಆತ ಹೊಳಲ್ಕೆರೆಗೆ ಬಂದು, ಮಂಡಕ್ಕಿ-ಮೆಣಸಿನಕಾಯಿ ತಿಂದು, ಪಾಕಿಸ್ತಾನಕ್ಕೂ ಬಗ್ಗದವನು ನಮ್ಮ ಖಾರಕ್ಕೆ ಶರಣಾಗುತ್ತಾನೆ. ಕೇಳಿದವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ನಿಜ ಹೇಳಬಲ್ಲವರು ಒಬ್ಬರೇ ಇದ್ದರು.

ಹೋದ ವರ್ಷ ಎದೆನೋವು ಎಂದು ಕುಳಿತ ಅಪ್ಪ ಮತ್ತೆ ಏಳಲಿಲ್ಲ. ಹೊತ್ತುಕೊಂಡು ಮನೆಯ ಮೆಟ್ಟಿಲು ಇಳಿಸುವಾಗ ದೊಡ್ಡಪ್ಪ ಎಡವಿದರು.

"ಸಾವಧಾನ, ಸಾವಧಾನ ಕಣ್ರಪ್ಪ," ಎಂದರು ಪಕ್ಕದ ಮನೆ ಅಜ್ಜ.

ಎಲ್ಲರೂ ಮೆಟ್ಟಿಲು ನೋಡಿದರು. ನಾನು ಅಪ್ಪನ ಪಾದ ನೋಡಿದೆ. ಹೆಬ್ಬೆರಳುಗಳನ್ನು ಸೇರಿಸಿ ದಾರ ಕಟ್ಟಿದ್ದರು; ಹಿಮ್ಮಡಿಗಳು ಆಗಲೇ ಕೂಡಿದ್ದವು. ಒಂದು ಸಲ, ಒಂದೇ ಒಂದು ಸಲ ಅಲ್ಲಾಡಲಿ ಎಂದು ಬೀದಿಯ ಕೊನೆಯವರೆಗೂ ನೋಡುತ್ತಲೇ ನಡೆದೆ. ಇದನ್ನು ಮಾತ್ರ ಯಾರಿಗೂ ಹಿಗ್ಗಿಸಿ ಹೇಳಿಲ್ಲ.

"ಕಿವಿ ಕೇಳ್ಸಲ್ವೇನ್ಲೇ? ಸಾವಧಾನ್!" ಸರ್ ನನ್ನ ಮುಂದೆಯೇ ಬಂದು ನಿಂತಿದ್ದರು.

'ಯಾವ್ದು ಸಾರ್, ಹಿಂದೀದೋ ಕನ್ನಡದ್ದೋ' ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಇಡೀ ಸಾಲು ಗೊಳ್ಳೆನ್ನುತ್ತಿತ್ತು, ಗ್ಯಾರಂಟಿ. ನುಂಗಿಕೊಂಡೆ. ಅವಸರವಿಲ್ಲದೆ ಎಡಗಾಲು ಎಳೆದುಕೊಂಡು, ಹಿಮ್ಮಡಿಗೆ ಹಿಮ್ಮಡಿ ಕೂಡಿಸಿ ನೆಟ್ಟಗೆ ನಿಂತೆ.

ಎರಡೂ ಭಾಷೆಯಲ್ಲಿ ಸರಿಯಾಗಿಯೇ ಇತ್ತು.