ಎಡಗಡೆಯ ಕಟಕಟ

ಹುಬ್ಬು ಕೂಡ ಬೆಳ್ಳಗಾಗಿದ್ದರೂ ಆ ರಸ್ತೆಯವರ ಬಾಯಲ್ಲಿ ಅವನು ಇನ್ನೂ ಚಿಕ್ಕ ಮೇಸ್ತ್ರಿಯೇ. ದೊಡ್ಡ ಮೇಸ್ತ್ರಿ ಅಂದರೆ ಅವನ ಅಣ್ಣ. ಅಣ್ಣ ತೀರಿಕೊಂಡು ವರ್ಷಗಳೇ ಕಳೆದರೂ ಆ ಪದವಿಗೆ ಇವನಿಗೆ ಯಾರೂ ಬಡ್ತಿ ಕೊಡಲಿಲ್ಲ, ಇವನೂ ಕೇಳಲಿಲ್ಲ. ಅಣ್ಣ ಕಟ್ಟಿದ ತಗಡಿನ ಶೆಡ್ಡಿನಲ್ಲಿ, ನಟ್ಟು ಬಿಚ್ಚುವ ಅಣ್ಣನ ಪಾನಾಗಳನ್ನೇ ಹಿಡಿದು ಹಳೇ ಕಾರುಗಳ ಕೆಳಗೆ ಮಲಗಿ ಆಯಸ್ಸು ಕಳೆದವನು ಅವನು.

ಅಣ್ಣನ ವಿದ್ಯೆಯೆಲ್ಲ ಕಿವಿಯಲ್ಲಿತ್ತು. ಗೇರ್‌ಬಾಕ್ಸಿನಿಂದ ಮುಂದಿನ ಚಕ್ರಕ್ಕೆ ಹೋಗುವ ಕಬ್ಬಿಣದ ದಂಡಕ್ಕೆ ಶೆಡ್ಡಿನಲ್ಲಿ ಆಕ್ಸಲ್ ಎನ್ನುತ್ತಿದ್ದರು. ಅದರ ಪಾಠವನ್ನು ಅಣ್ಣ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದ. ತಿರುವಿನಲ್ಲಿ ಕಟಕಟ ಅಂದರೆ ಚಕ್ರದ ಕಡೆಯ ಜಾಯಿಂಟು. ಗಾಡಿ ಎಳೆಯುವಾಗ ದಡಕ್ ಅಂದರೆ ಒಳಗಡೆಯದು. ವೇಗ ಏರಿದ ಹಾಗೆ ಗುಂಯ್ ಎಂದರೆ ಬೇರಿಂಗು. ಆಗೆಲ್ಲ ಗಿರಾಕಿಗಳೂ ಬಾಯಲ್ಲೇ ಶಬ್ದ ಮಾಡಿ ತೋರಿಸುತ್ತಿದ್ದರು. ಗಂಭೀರವಾದ ಶಾಲಾ ಮಾಸ್ತರರೊಬ್ಬರು ನಡುಬೀದಿಯಲ್ಲಿ ಕೆನ್ನೆ ಉಬ್ಬಿಸಿ ಗುಂಯ್‌ಗುಟ್ಟಿದ್ದನ್ನು ನೆನೆದರೆ ಚಿಕ್ಕ ಮೇಸ್ತ್ರಿಗೆ ಇವತ್ತಿಗೂ ನಗು ಬರುತ್ತದೆ. ಅಂಥ ದಿನಗಳು ಇನ್ನೆಲ್ಲಿ? ಈಗಿನ ಗಾಡಿಗಳು ಕೆಟ್ಟರೆ ದೀಪ ತೋರಿಸಿ ಸುಮ್ಮನಾಗುತ್ತವೆ.

ಯಾವುದೇ ಕಾರು ಬರಲಿ, ಅಣ್ಣ ಶೆಡ್ಡಿನ ಹಿಂದಿನ ಮನೆಯತ್ತ ತಿರುಗಿ, "ಬಾರೇ, ಒಂದು ಸುತ್ತು ಹೋಗಿ ಬರೋಣ" ಎಂದು ಹೆಂಡತಿಯನ್ನು ಕರೆಯುತ್ತಿದ್ದ. ಅತ್ತಿಗೆ ಒಲೆ ಆರಿಸಿ, ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು ಪಕ್ಕದ ಸೀಟಿನಲ್ಲಿ ಕೂರುವರು. ಜೋಡಿ ಹೊರಟಿತೆಂದು ಶೆಡ್ಡಿನವರೆಲ್ಲ ಹಲ್ಲು ಕಿಸಿಯುತ್ತಿದ್ದರು, ಅದರಲ್ಲಿ ಚಿಕ್ಕ ಮೇಸ್ತ್ರಿಯದೇ ಮುಂದಾಳತ್ವ. ಸುತ್ತು ಮುಗಿಸಿ ಬಂದ ಅಣ್ಣ ಇಳಿಯುವ ಮೊದಲೇ ರೋಗ ಹೇಳುತ್ತಿದ್ದ. ಒಮ್ಮೆಯೂ ತಪ್ಪಿದ್ದಿಲ್ಲ.

ಈಗ ಅಣ್ಣನ ಕಾರನ್ನು ಅತ್ತಿಗೆಯೇ ಓಡಿಸುತ್ತಾರೆ. ಒಂದು ಬೆಳಿಗ್ಗೆ ಅದನ್ನು ಶೆಡ್ಡಿಗೆ ತಂದು ನಿಲ್ಲಿಸಿ, "ತಿರುಗಿಸಿದ್ರೆ ಕಟಕಟ ಅಂತಿದೆ ಕಣೋ. ನೋಡು" ಎಂದು ಕೀಲಿ ಕೊಟ್ಟು ಮನೆಯೊಳಗೆ ಹೋದರು.

ಚಿಕ್ಕ ಮೇಸ್ತ್ರಿ ಶೆಡ್ಡಿನ ಎದುರಿನ ಬಯಲಿನಲ್ಲಿ ಒಂದು ಸುತ್ತು ಹಾಕಿದ. ಶಬ್ದ ಬಲಗಡೆ. ಬೇರೆಯವರಾದರೆ ಎರಡೂ ಕಡೆ ತಿರುಗಿಸಿ ನೋಡುತ್ತಿದ್ದರು, ಜಾಯಿಂಟಿಗೆ ಹೊದಿಸಿದ ರಬ್ಬರ್ ಬೂಟು ಯಾವ ಕಡೆ ಹರಿದಿದೆ ಎಂದು ಬಗ್ಗಿ ನೋಡುತ್ತಿದ್ದರು. ಅದೆಲ್ಲ ಕಿವಿ ಇಲ್ಲದವರ ಕೆಲಸ ಎಂಬ ಜಂಬ ಇವನದು. ಆದರೆ ನಿಜಕ್ಕೂ ಕಿವಿ ಇಲ್ಲದವನು ಇವನೇ. ಎಡಗಿವಿ ಮುಚ್ಚಿಹೋಗಿ ಎಷ್ಟೋ ಕಾಲವಾಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು. ಅಣ್ಣನ ಶೆಡ್ಡಿನಲ್ಲಿ ಕಿವುಡ ಮೇಸ್ತ್ರಿ ಎಂದು ಗೊತ್ತಾದರೆ ಯಾರು ಗಾಡಿ ತರುತ್ತಾರೆ? ಅದಕ್ಕಿಂತ ಬಾಗಿಲು ಹಾಕುವುದೇ ಮೇಲು ಎಂದುಕೊಂಡಿದ್ದ.

ಬಲಗಡೆಯ ಚಕ್ರ ಬಿಚ್ಚಿ, ಹಬ್ ನಟ್ಟು ತೆಗೆದು, ಆಕ್ಸಲ್ ಹೊರಗೆಳೆದ. ಜಾಯಿಂಟನ್ನು ಬಡಿದು ಬಿಡಿಸಿ ಹಳೇ ಗ್ರೀಸು ಒರೆಸಿದ. ಒಳಗಿನ ಗುಂಡುಗಳು ಒಂದು ಗೀರೂ ಇಲ್ಲದೆ ಹೊಳೆಯುತ್ತಿದ್ದವು. ಆದರೂ ಹಳೇದು ಹಳೇದೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಹೊಸದನ್ನು ಕೂರಿಸಿದ.

ಸಂಜೆ ಅತ್ತಿಗೆ ಕಾರು ಓಡಿಸಿದರು, ಇವನು ಪಕ್ಕದಲ್ಲಿ ಕೂತ. ಮೊದಲ ತಿರುವಿನಲ್ಲೇ ಕಟಕಟ.

"ಹೋಗಿಲ್ಲ" ಎಂದರು ಅತ್ತಿಗೆ.

"ಬಲಗಡೆ ಹೊಸ ಜಾಯಿಂಟೇ ಹಾಕಿದ್ದೀನಲ್ಲ ಅತ್ತಿಗೆ..."

"ಬಲಗಡೆ ಯಾಕೆ ಹಾಕಿದೆ? ಬರ್ತಿರೋದು ಎಡಗಡೆಯಿಂದ."

ಇವನು ಇಂಗು ತಿಂದ ಮಂಗನಂತಾದ. ಅತ್ತಿಗೆ ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ, ಇವನ ಕಡೆ ತಿರುಗಿದರು.

"ಯಾವ ಕಿವಿ?"

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ಅವನ ಕೈ ತಾನಾಗಿ ಎಡಗಿವಿಗೆ ಹೋಯಿತು.

"ಸರಿ. ಹಾಗಾದ್ರೆ ಎಡಗಡೆ ಚಕ್ರ ಬಿಚ್ಚು" ಎಂದು ಅತ್ತಿಗೆ ಗಾಡಿ ತಿರುಗಿಸಿದರು.

ಮಾರನೆಯ ದಿನ ಎಡಗಡೆ ಬಿಚ್ಚುವಾಗ ಅವರು ಕುರ್ಚಿ ಹಾಕಿಕೊಂಡು ಅಲ್ಲೇ ಕೂತರು. ಬೂಟು ಮಡಿಕೆಯಲ್ಲಿ ಹರಿದು, ಗ್ರೀಸೆಲ್ಲ ಚಕ್ರದ ಒಳಮೈಗೆ ಸಿಡಿದಿತ್ತು. ಜಾಯಿಂಟಿನೊಳಗೆ ಮಣ್ಣು ಸೇರಿ, ಗುಂಡು ಓಡುವ ದಾರಿಗಳೆಲ್ಲ ಗುಳಿಬಿದ್ದಿದ್ದವು. ಒಮ್ಮೆ ಬಗ್ಗಿ ನೋಡಿದ್ದರೆ ಸಾಕಿತ್ತು.

"ಶೆಡ್ಡು ಮುಚ್ತೀನಿ ಅತ್ತಿಗೆ. ಅಣ್ಣನ ಕಿವಿ ಎಲ್ಲಿ, ನಂದೆಲ್ಲಿ" ಎಂದ.

"ನಿಮ್ಮಣ್ಣಂಗೆ ಎರಡೂ ಹೋಗಿತ್ತು ಕಣೋ. ಎದುರಿಗಿದ್ದೋರ ತುಟಿ ನೋಡ್ಕೊಂಡೇ ಮಾತು ತಿಳ್ಕೊಳ್ತಿದ್ರು."

ಅವನ ಕೈಯ ಪಾನಾ ಅಲ್ಲೇ ನಿಂತಿತು.

"ಮತ್ತೆ ನನ್ನನ್ನ ಯಾಕೆ ಕರ್ಕೊಂಡು ಹೋಗ್ತಿದ್ರು ಅಂದ್ಕೊಂಡೆ? ಹವಾ ಕುಡಿಯೋಕಾ? ನಾನು ಕೇಳಿಸ್ಕೊಂಡು, ಅವರ ತೊಡೆ ಮೇಲೆ ಬೆರಳಲ್ಲಿ ಬಡಿದು ತೋರಿಸ್ತಿದ್ದೆ. ರೋಗ ಯಾವುದು ಅಂತ ಅವರು ಹೇಳ್ತಿದ್ರು."

"ನಮಗೆ ಹೇಳಬಾರದಿತ್ತಾ?"

"ನೀವೆಲ್ಲ ಜೋಡಿ ಜೋಡಿ ಅಂತ ರೇಗಿಸ್ತಿದ್ರಿ. ಅವರಿಗೆ ಅದೇ ಹಿತವಾಗಿತ್ತು, ನಂಗೂ ಅಷ್ಟೆ."

ಚಿಕ್ಕ ಮೇಸ್ತ್ರಿಗೆ ಅಣ್ಣನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಇಷ್ಟು ವರ್ಷ ತಾನೊಬ್ಬನೇ ಹೊತ್ತ ಭಯವನ್ನು ಅಣ್ಣನೂ ಇದೇ ಶೆಡ್ಡಿನಲ್ಲಿ ಹೊತ್ತಿದ್ದ ಎಂದು ತಿಳಿದು, ಅವನನ್ನು ಒಂದು ಸಲ ಗಟ್ಟಿಯಾಗಿ ತಬ್ಬಿಕೊಳ್ಳಬೇಕು ಅನ್ನಿಸಿತು. ಮುಖ ತಿರುಗಿಸಿಕೊಂಡು ಹೊಸ ಜಾಯಿಂಟಿಗೆ ಗ್ರೀಸು ತುಂಬಿದ, ಬೂಟಿನ ಪಟ್ಟಿ ಬಿಗಿದ, ಆಕ್ಸಲ್ ಸೇರಿಸಿ ನಟ್ಟು ಹಾಕಿದ.

ಕೀಲಿಗೆ ಅತ್ತಿಗೆ ಕೈ ಚಾಚಿದರು. ಅವನು ಕೊಡಲಿಲ್ಲ. ಪಕ್ಕದ ಬಾಗಿಲು ತೆರೆದು, "ಬನ್ನಿ ಅತ್ತಿಗೆ" ಎಂದ.

ಬಯಲಿನಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತು ಹಾಕಿದ. ಅವನಿಗೇನೂ ಕೇಳಿಸಲಿಲ್ಲ, ಆದರೆ ತನ್ನ ಕಿವಿಯನ್ನು ನಂಬುವ ಕಾಲ ಮುಗಿದಿತ್ತು. ಇಡೀ ಬದುಕಿನಲ್ಲಿ ಯಾರನ್ನೂ ಕೇಳದಿದ್ದ ಮಾತನ್ನು ಬಾಯಿಬಿಟ್ಟು ಕೇಳಿದ.

"ಶಬ್ದ ಇದೆಯಾ ಅತ್ತಿಗೆ?"

ಅತ್ತಿಗೆ ಕಣ್ಣು ಮುಚ್ಚಿಕೊಂಡಿದ್ದರು. ಅಣ್ಣ ಹೋದ ಮೇಲೆ ಆ ಸೀಟಿನಲ್ಲಿ ಅವರು ಕೂತಿದ್ದು ಇದೇ ಮೊದಲು. ತಮ್ಮ ತೊಡೆಯ ಮೇಲೆ ಇಟ್ಟುಕೊಂಡಿದ್ದ ಬೆರಳುಗಳು ಸುಮ್ಮನಿದ್ದವು.

"ಇನ್ನೊಂದು ಸುತ್ತು ಹೊಡಿ" ಎಂದರು. "ಆಮೇಲೆ ಹೇಳ್ತೀನಿ."